18 ತುಂಬಿದವರು ಯಾರ ಮಕ್ಕಳು?

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲು ಕಾಯುವವರ ನಡುವೆ ಚೀಲವೊಂದನ್ನೇ ಹಿಡಿದ ಹುಡುಗರಿರುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದವನೊಬ್ಬ, ಅಪ್ಪನೊಡನೆ ಜಗಳವಾಡಿದವನೊಬ್ಬ, ಮಳೆ ಕೈಕೊಟ್ಟಿತೆಂದು ಕೂಲಿಗೆ ಹೊರಟವನೊಬ್ಬ. ಅವರೆಲ್ಲ ದಾರಿ ತಪ್ಪುತ್ತಾರೆಂದಲ್ಲ. ಬಹುಪಾಲು ಮಂದಿ ದುಡಿದು ಮನೆಗೆ ಹಣ ಕಳಿಸುವವರೇ. ಆದರೆ ಗುರುತಿಲ್ಲದ ನಗರದಲ್ಲಿ ಮೊದಲ ರಾತ್ರಿ ಮಲಗಲು ಜಾಗ ಕೊಟ್ಟವನೇ ಹುಡುಗನಿಗೆ ಅಣ್ಣನಾಗುತ್ತಾನೆ. ಆ ಅಣ್ಣ ಗಾರೆ ಮೇಸ್ತ್ರಿಯೋ ಬಡಾವಣೆಯ ಪುಡಿ ರೌಡಿಯೋ ಎಂಬುದನ್ನು ನಾವು ಅದೃಷ್ಟಕ್ಕೆ ಬಿಟ್ಟಿದ್ದೇವೆ. ಹಾಗೆ ಬಿಡಬಾರದೆಂಬುದು ನನ್ನ ವಾದ.

ದಾರಿ ಹೊಸದೇನಲ್ಲ. 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬೋಸ್ಕೊ, 1992ರಲ್ಲಿ ರಾಯಚೂರಿನಲ್ಲಿ ಹುಟ್ಟಿದ ಸಾಥಿ ಸಂಸ್ಥೆಗಳು ಮಕ್ಕಳು ತಮ್ಮ ಬಾಗಿಲಿಗೆ ಬರಲೆಂದು ಕಾಯಲಿಲ್ಲ. ಬೀದಿಗೆ, ಪ್ಲಾಟ್‌ಫಾರಂಗೆ ತಾವೇ ಹೋದವು. ರೈಲಿಳಿದ ಹುಡುಗನನ್ನು ದಲ್ಲಾಳಿಗಿಂತ ಮೊದಲು ಮಾತನಾಡಿಸುವುದೇ ಈ ಕೆಲಸದ ಮರ್ಮ. ದೂರದ ನಿದರ್ಶನವೂ ಒಂದುಂಟು. 1991ರ ನಂತರ ಅಂತರ್ಯುದ್ಧದ ಸೊಮಾಲಿಯಾ ತೊರೆದ ಅನೇಕ ಕುಟುಂಬಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನೆಲೆಸಿದವು. ಹುಡುಗರು ಗ್ಯಾಂಗು, ಮಾದಕವಸ್ತುಗಳ ಪಾಲಾಗದಿರಲೆಂದು 2007ರಲ್ಲಿ ಸೊಮಾಲಿ ಯುವಕರೇ ಅಲ್ಲಿ 'ಕಾ ಜೂಗ್' ಎಂಬ ಸಂಸ್ಥೆ ಕಟ್ಟಿದರು. ಹೆಸರಿನ ಅರ್ಥ 'ದೂರವಿರು'. ಮಾಡಿದ್ದು ಮಾತ್ರ ಹತ್ತಿರವಿರುವ ಕೆಲಸ. ಪಾಠ, ಕಲೆ, ಹಿರಿಯರ ಒಡನಾಟ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸುವ ವಯಸ್ಕರಿಗೆ 2015ರ ಬಾಲನ್ಯಾಯ ಕಾಯ್ದೆಯ 83ನೇ ಸೆಕ್ಷನ್ ಏಳು ವರ್ಷಗಳವರೆಗಿನ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ ವಿಧಿಸುತ್ತದೆ. ಬಾಲಮಂದಿರದಲ್ಲಿ ಬೆಳೆದವರಿಗೆ 18ರ ನಂತರವೂ ಅನುಪಾಲನೆಯ ವ್ಯವಸ್ಥೆ ಉಂಟು. ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವಿಗೂ ಅವಕಾಶವಿದೆ. ಬಾಲಮಂದಿರದ ಮುಖವನ್ನೇ ಕಾಣದೆ ಹಳ್ಳಿಯಿಂದ ನೇರ ಹೊರಟ 18ರ ಹುಡುಗನಾದರೋ ಇದಾವುದಕ್ಕೂ ಸಲ್ಲುವುದಿಲ್ಲ. ಅಂಥವನು ಸರ್ಕಾರದ ಕಣ್ಣಿಗೆ ಬೀಳುವುದು ಎಷ್ಟೋ ಸಲ ಪೊಲೀಸ್ ಠಾಣೆಯಲ್ಲೇ. ರೌಡಿಪಟ್ಟಿಗೆ ಹೆಸರು ಸೇರಿತೆಂದರೆ ಬಾಡಿಗೆಗೆ ಕೋಣೆ ಕೊಡುವವರಿಲ್ಲ, ಕೆಲಸಕ್ಕೆ ಕರೆಯುವವರಿಲ್ಲ. ಕರೆಯುವುದು ಗ್ಯಾಂಗು ಮಾತ್ರ.

ಬೆಂಗಳೂರಿನಲ್ಲಿ ಜಾತಿ ಸಂಘಗಳ ಹಾಸ್ಟೆಲುಗಳಿವೆ, ಮಠಗಳ ವಿದ್ಯಾರ್ಥಿನಿಲಯಗಳಿವೆ. ಓದುವ ಹುಡುಗನಿಗೆ ಅಲ್ಲಿ ಮಂಚ ಸಿಗುತ್ತದೆ, ದುಡಿಯಲು ಬಂದವನಿಗೆ ಸಿಗುವುದಿಲ್ಲ. ಈ ವಿಂಗಡಣೆ ನನಗೆ ಎಂದೂ ಅರ್ಥವಾಗಿಲ್ಲ. ಮಠಗಳಿಗೆ ಹೆಸರಾದ ಚಿತ್ರದುರ್ಗದಿಂದಲೇ ಇದರ ತಿದ್ದುಪಡಿ ಆರಂಭವಾಗಲಿ. ಓದು ಬಿಟ್ಟವನಿಗೂ ಮೊದಲ ಮೂರು ತಿಂಗಳ ಮಟ್ಟಿಗೆ ಪ್ರತಿ ನಿಲಯದಲ್ಲಿ ಹತ್ತು ಮಂಚ ಮೀಸಲಿಡಲಿ. ಕೆಲಸ ಹುಡುಕಿಕೊಡುವ, ಕೂಲಿ ಕೊಡದ ಮಾಲೀಕನೊಡನೆ ಮಾತನಾಡುವ ಹಿರಿಯನೊಬ್ಬ ಅಲ್ಲಿರಲಿ. ಆ ವಿಳಾಸಗಳು ಗ್ರಾಮ ಪಂಚಾಯಿತಿಗಳಲ್ಲಿ ಸಿಗಬೇಕು. ಚಿಕ್ಕಜಾಜೂರು ನಿಲ್ದಾಣದ ಟಿಕೆಟ್ ಕಿಟಕಿಯ ಪಕ್ಕದಲ್ಲೂ ಬರೆಸಬೇಕು.