ಗ್ರಂಥಕ್ಕೆ ಬಂದ ಗಂಡಾಂತರ

ಗ್ರಂಥವೊಂದನ್ನು ಯಾರೂ ಓದಕೂಡದೆಂದು ಅಪ್ಪಣೆಯಾದಾಗ ಜನರು ಅದರ ಗುಣದೋಷಗಳನ್ನು ಚರ್ಚಿಸುತ್ತಾರೆ. ಅದನ್ನು ಬರೆದವನ ಗತಿಯೇನಾಯಿತೆಂದು ಕೇಳುವವರು ವಿರಳ. ಈ ತಿಂಗಳು ಅಂತಹ ಮೂವರ ವೃತ್ತಾಂತವನ್ನು ವಾಚಕಮಹಾಶಯರ ಮುಂದಿಡುತ್ತೇನೆ.

ಅಮೆರಿಕಾ ದೇಶದ ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್’ ಎಂಬ ಕಾದಂಬರಿಯನ್ನು 1885ರಲ್ಲಿ ಕಾಂಕರ್ಡ್ ಪಟ್ಟಣದ ಪುಸ್ತಕಭಂಡಾರದ ಮಂಡಲಿಯವರು ಬಹಿಷ್ಕರಿಸಿದರು. ಇದರಿಂದ 25,000 ಪ್ರತಿಗಳು ನಿಶ್ಚಯವಾಗಿ ಮಾರಾಟವಾಗುವುವೆಂದು ಟ್ವೇನನು ತನ್ನ ಪ್ರಕಟಣಾಲಯದ ವ್ಯವಸ್ಥಾಪಕನಿಗೆ ಬರೆದನು. ನಗುವುದಕ್ಕೆ ಅವನಿಗೆ ಅನುಕೂಲವಿದ್ದಿತು: ಆ ವೇಳೆಗೆ ಅವನು ಪ್ರಖ್ಯಾತ, ಪ್ರಕಟಣಾಲಯವೂ ಅವನದೇ.

ಸಂಬಳದಿಂದ ಸಂಸಾರವನ್ನು ಸಾಗಿಸುವವನಿಗೆ ಆ ನಗೆ ಸುಲಭವಲ್ಲ. ಕಾಶಿಯ ಕಡೆಯವರಾದ ಧನಪತರಾಯರು ಶಾಲೆಗಳ ತನಿಖಾಧಿಕಾರಿಗಳಾಗಿದ್ದು, ‘ನವಾಬರಾಯ’ ಎಂಬ ಹೆಸರಿನಿಂದ ಉರ್ದುವಿನಲ್ಲಿ ಬರೆಯುತ್ತಿದ್ದರು. 1908ರಲ್ಲಿ ಹೊರಬಂದ ‘ಸೋಜೆ ವತನ್’ ಎಂಬ ಅವರ ಐದು ಕಥೆಗಳ ಸಂಗ್ರಹವು ರಾಜದ್ರೋಹಕರವೆಂದು ಕಲೆಕ್ಟರನು ಅವರನ್ನು ಕರೆಸಿ, ಉಳಿದಿದ್ದ ಸುಮಾರು 700 ಪ್ರತಿಗಳನ್ನು ಒಪ್ಪಿಸಿಕೊಂಡನು. ಮುಂದೆ ತನ್ನ ಅನುಮತಿಯಿಲ್ಲದೆ ಏನನ್ನೂ ಪ್ರಕಟಿಸಕೂಡದೆಂದು ವಿಧಿಸಿದನು. ಅವರು ಆಗ ನೌಕರಿಯನ್ನೂ ಬಿಡಲಿಲ್ಲ, ಲೇಖನಿಯನ್ನೂ ಬಿಡಲಿಲ್ಲ; ಹೆಸರನ್ನು ಬಿಟ್ಟರು. ಪತ್ರಿಕಾಸಂಪಾದಕರಾದ ದಯಾನಾರಾಯಣ ನಿಗಮರು ಸೂಚಿಸಿದ ಹೊಸ ಹೆಸರಿನಿಂದ 1910ರಲ್ಲಿ ಬರೆಯತೊಡಗಿದರು. ಆ ಹೆಸರೇ ‘ಪ್ರೇಮಚಂದ’. ಗಾಂಧಿಯವರ ಕರೆಗೆ ಓಗೊಟ್ಟು ನೌಕರಿಯನ್ನು ತ್ಯಜಿಸಿದ್ದು 1921ರಲ್ಲಿ.

ಮೂರನೆಯವರು ನೆರೆನಾಡಿನ ತಮಿಳು ಅಧ್ಯಾಪಕರಾದ ಪೆರುಮಾಳ್ ಮುರುಗನ್. 2010ರಲ್ಲಿ ಪ್ರಕಟವಾದ ಅವರ ‘ಮಾದೊರುಬಾಗನ್’ ಕಾದಂಬರಿಯು ಮಕ್ಕಳಿಲ್ಲದ ದಂಪತಿಗಳ ಸಂಕಟವನ್ನು ನಿರೂಪಿಸುವುದು. ನಾಲ್ಕು ವರ್ಷಗಳ ತರುವಾಯ ತಿರುಚೆಂಗೋಡಿನಲ್ಲಿ ಅದರ ಪ್ರತಿಗಳನ್ನು ಸುಟ್ಟರು. 2015ರ ಜನವರಿಯಲ್ಲಿ ಅಧಿಕಾರಿಗಳ ಸಮಕ್ಷಮದಲ್ಲಿ ಅವರು ಕ್ಷಮಾಪಣೆಗೆ ರುಜು ಹಾಕಬೇಕಾಯಿತು. ಬಳಿಕ, ಲೇಖಕನಾದ ಪೆರುಮಾಳ್ ಮುರುಗನ್ ಸತ್ತನೆಂದೂ, ಇನ್ನು ಬದುಕುವವನು ಉಪಾಧ್ಯಾಯನೊಬ್ಬನೇ ಎಂದೂ ಸಾರಿ ಮೌನವನ್ನು ಹೊಂದಿದರು. 2016ರ ಜುಲೈಯಲ್ಲಿ ಮದ್ರಾಸಿನ ಉಚ್ಚನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತು, ಲೇಖಕನು ಪುನರ್ಜೀವಿಸಲೆಂದು ಹಾರೈಸಿತು. ಮರುತಿಂಗಳೇ ಅವರ ಕವಿತಾಸಂಗ್ರಹ ಹೊರಬಂದಿತು. ಅದರ ಹೆಸರಿಗೆ ‘ಹೇಡಿಯ ಹಾಡುಗಳು’ ಎಂದರ್ಥ.

ನಗೆ, ನಾಮಾಂತರ, ಮೌನ: ಈ ಮೂವರಲ್ಲಿ ಧೀರನು ಯಾರೆಂದು ಕೇಳುವುದು ಉಚಿತವಲ್ಲ. ಒಬ್ಬನ ವಿರೋಧಿಗಳು ದೂರದ ಪಟ್ಟಣದ ನಾಲ್ಕು ಮಂದಿ. ಒಬ್ಬರ ವಿರೋಧಿ ಅನ್ನದ ಒಡೆಯನಾದ ಸರಕಾರ. ಮತ್ತೊಬ್ಬರಿಗೆ ಹುಟ್ಟಿದ ಊರಿನವರೇ ವಿರೋಧಿಗಳು. ತನ್ನವರೇ ಮುಖ ತಿರುಗಿಸಿದರೆ ನಾಲಗೆ ಒಣಗುವುದು ಸಹಜ.

ನಮ್ಮ ಆಲಂಕಾರಿಕರು ಕಾವ್ಯವಿಚಾರದ ಅಧಿಕಾರವನ್ನು ಸಹೃದಯನಿಗೆ ಕೊಟ್ಟರು. ಸಹೃದಯನಾಗಬೇಕಾದರೆ ಮೊದಲು ಓದಬೇಕಷ್ಟೆ. ಗೃಹಸ್ಥರಾದ ನಾವೂ ನಮ್ಮ ಮನೆಗಳ ಮಟ್ಟಿಗೆ ಕಲೆಕ್ಟರುಗಳೇ. ಮಕ್ಕಳ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳುವ ಮುನ್ನ ಅದನ್ನು ಆದ್ಯಂತವಾಗಿ ಓದೋಣ. ಬೇಡವೆಂದು ತೋರಿದರೆ, ಏಕೆ ಬೇಡವೆಂಬುದನ್ನು ಅವರನ್ನು ಎದುರಿಗೆ ಕೂರಿಸಿಕೊಂಡು ತಿಳಿಯಹೇಳೋಣ. ಅಷ್ಟು ಶ್ರಮಕ್ಕೆ ಸಿದ್ಧರಿಲ್ಲದವರಿಗೆ ಕಸಿದುಕೊಳ್ಳುವ ಅಧಿಕಾರವೂ ಇರಲಾರದು.