ಲೆಕ್ಕ ಎಲ್ಲರ ಮುಂದಿಟ್ಟ ನಾಡು



ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಐಸ್‌ಲ್ಯಾಂಡ್ ಎಂಬ ದ್ವೀಪರಾಷ್ಟ್ರವಿದೆ. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಜನಸಂಖ್ಯೆಯಾದರೋ ನಾಲ್ಕು ಲಕ್ಷದ ಆಸುಪಾಸು. ನಮ್ಮ ಒಂದು ದೊಡ್ಡ ತಾಲ್ಲೂಕಿನ ಜನರನ್ನು ಕರೆದು ಒಂದು ರಾಷ್ಟ್ರ ನಡೆಸಿರಿ ಎಂದಂತೆ. ಅವರಲ್ಲಿ ಬಹುಪಾಲು ಜನ ರಾಜಧಾನಿ ರೇಕ್ಯಾವಿಕ್ ಮತ್ತು ಅದರ ಸುತ್ತಮುತ್ತಲೇ ವಾಸಿಸುತ್ತಾರೆ. ಕ್ರಿ.ಶ. 930ರಲ್ಲಿ ಥಿಂಗ್‌ವೆಲ್ಲಿರ್ ಎಂಬ ಬಯಲಿನಲ್ಲಿ ಅವರ ಹಿರಿಯರು ಸೇರಿ ಆರಂಭಿಸಿದ ಆಲ್ಥಿಂಗ್ ಎಂಬ ಸಭೆಯ ಹೆಸರನ್ನೇ ಇಂದಿನ 63 ಸದಸ್ಯರ ಸಂಸತ್ತೂ ಹೊತ್ತಿದೆ. ಬ್ಯಾಂಕು, ಮನೆ, ಮೀನು, ಕಾಲ್ಚೆಂಡು, ಯಾವುದೇ ಇರಲಿ, ಅಲ್ಲಿ ಎಲ್ಲರೂ ಎಲ್ಲದರ ಬಗೆಗೂ ವಾದಿಸುತ್ತಾರೆ. ಇಷ್ಟು ಮಾತಾಡುವ ಒಂದು ಸಣ್ಣ ನಾಡಿನಲ್ಲಿ ಮಾತಿನಿಂದ ಏನು ಆಯಿತು, ಏನು ಆಗಲಿಲ್ಲ ಎಂಬುದನ್ನು ಈ ಸಲ ನಿಮ್ಮ ಮುಂದೆ ಇಡಬಯಸುತ್ತೇನೆ.

ಮೊದಲು ಅವರ ಪತನದ ಕಥೆ. ಈ ಶತಮಾನದ ಆರಂಭದ ಹೊತ್ತಿಗೆ ಅಲ್ಲಿನ ಸರ್ಕಾರಿ ಬ್ಯಾಂಕುಗಳು ಖಾಸಗಿಯವರ ಕೈ ಸೇರಿದವು. ಕೆಲವೇ ವರ್ಷಗಳಲ್ಲಿ ಗ್ಲಿಟ್ನಿರ್, ಲ್ಯಾಂಡ್ಸ್‌ಬ್ಯಾಂಕಿ, ಕೌಪ್‌ಥಿಂಗ್ ಎಂಬ ಮೂರು ಬ್ಯಾಂಕುಗಳು ಹೊರದೇಶಗಳಿಂದ ಸಾಲ ತಂದು ತಂದು ಊದಿಕೊಂಡವು. ದೇಶದ ಒಟ್ಟು ವಾರ್ಷಿಕ ಉತ್ಪನ್ನದ ಒಂಬತ್ತು ಹತ್ತು ಪಟ್ಟು ಅವುಗಳ ವ್ಯವಹಾರ! ಅಡಿಪಾಯ ಎರಡು ಅಂತಸ್ತಿಗೆ, ಕಟ್ಟಿದ್ದು ಇಪ್ಪತ್ತು ಅಂತಸ್ತು ಎಂದರೆ ನನ್ನಂಥ ಎಂಜಿನಿಯರನಿಗೆ ಬೇಗ ಅರ್ಥವಾಗುತ್ತದೆ. 2008ರ ಅಕ್ಟೋಬರ್‌ನಲ್ಲಿ ಒಂದು ವಾರದ ಒಳಗೆ ಮೂರೂ ಕುಸಿದವು. ಅವರ ನಾಣ್ಯವಾದ ಕ್ರೋನಾದ ಬೆಲೆ ಪಾತಾಳಕ್ಕಿಳಿಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಯೊಡ್ಡಿ 210 ಕೋಟಿ ಡಾಲರ್ ಸಾಲ ಪಡೆಯಬೇಕಾಯಿತು. ಜನ ಸಂಸತ್ತಿನ ಮುಂದಿನ ಚೌಕದಲ್ಲಿ ಶನಿವಾರ ಶನಿವಾರ ಸೇರತೊಡಗಿದರು. 2009ರ ಜನವರಿಯ ಕೊರೆಯುವ ಚಳಿಯಲ್ಲಿ ಅಡುಗೆಮನೆಯ ಪಾತ್ರೆ, ಸೌಟುಗಳನ್ನು ತಂದು ಬಡಿದರು. ಆ ತಿಂಗಳು ಮುಗಿಯುವ ಮೊದಲೇ ಸರ್ಕಾರ ರಾಜೀನಾಮೆ ಕೊಟ್ಟಿತು.

ಸರ್ಕಾರ ಬೀಳುವುದು ಹೊಸ ಸಂಗತಿಯಲ್ಲ. ನನ್ನ ಮನಸ್ಸನ್ನು ಹಿಡಿದದ್ದು ಆಮೇಲೆ ನಡೆದದ್ದು. ಸಂಸತ್ತು ನೇಮಿಸಿದ್ದ ಮೂವರು ಸದಸ್ಯರ ವಿಶೇಷ ತನಿಖಾ ಆಯೋಗ 2010ರ ಏಪ್ರಿಲ್‌ನಲ್ಲಿ ಒಂಬತ್ತು ಸಂಪುಟಗಳ ವರದಿ ಕೊಟ್ಟಿತು. ಯಾವ ಬ್ಯಾಂಕು ತನ್ನ ಮಾಲೀಕರಿಗೇ ಎಷ್ಟು ಸಾಲ ಕೊಟ್ಟಿತು, ಯಾವ ಮಂತ್ರಿ, ಯಾವ ಅಧಿಕಾರಿ ಏನನ್ನು ತಿಳಿದೂ ಸುಮ್ಮನಿದ್ದರು ಎಂಬುದೆಲ್ಲ ಹೆಸರು ಸಮೇತ ಅದರಲ್ಲಿತ್ತು. ವ್ಯವಹಾರದಲ್ಲಿ ನೀತಿ ಎಲ್ಲಿ ತಪ್ಪಿತು ಎಂಬುದನ್ನು ವಿಚಾರಿಸಲು ಒಂದು ಪ್ರತ್ಯೇಕ ತಂಡವನ್ನೇ ಮಾಡಿದ್ದರು. ಆಗ ರೇಕ್ಯಾವಿಕ್ ನಗರ ರಂಗಮಂದಿರದ ನಟ ನಟಿಯರು ಸರದಿಯ ಮೇಲೆ ನಿಂತು, ಹಗಲಿರುಳು ಬಿಡದೆ, ಎರಡು ಸಾವಿರಕ್ಕೂ ಮಿಕ್ಕಿದ ಪುಟಗಳ ಆ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಜನ ಬಂದು ಕೂತು ಕೇಳಿದರು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿದ್ದವನು. ಸೇತುವೆ ಬಿರುಕು ಬಿಟ್ಟರೆ, ಕಾಲುವೆ ಒಡೆದರೆ ಸಮಿತಿ ಆಗುತ್ತಿತ್ತು, ವರದಿ ಬರುತ್ತಿತ್ತು. ಎಷ್ಟೋ ವರದಿಗಳು ಕೆಂಪು ದಾರ ಕಟ್ಟಿಸಿಕೊಂಡು ಬೀರು ಸೇರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಕಾಲುವೆಯ ನೀರು ನಂಬಿದ್ದ ರೈತನಿಗೆ ಅದರ ಒಂದು ಸಾಲೂ ತಲುಪುತ್ತಿರಲಿಲ್ಲ. ಆದ್ದರಿಂದಲೇ ವರದಿಯನ್ನು ರಂಗದ ಮೇಲೆ ಓದಿದ ಆ ನಾಡಿನ ಬಗ್ಗೆ ನನಗೆ ಗೌರವ. ಹಲವು ಬ್ಯಾಂಕ್ ಮುಖ್ಯಸ್ಥರು ಜೈಲಿಗೆ ಹೋದರು. ಪ್ರಧಾನಿಯಾಗಿದ್ದ ಗೇರ್ ಹಾರ್ದೆ ಅವರನ್ನೂ ವಿಶೇಷ ನ್ಯಾಯಾಲಯದ ಮುಂದೆ ನಿಲ್ಲಿಸಿದರು; 2012ರಲ್ಲಿ ಒಂದು ಆರೋಪ ಸಾಬೀತಾಯಿತು, ಶಿಕ್ಷೆ ಮಾತ್ರ ಆಗಲಿಲ್ಲ.

ಲೆಕ್ಕ ಕೈಯಲ್ಲಿದ್ದ ಜನ ಹೇಗೆ ತೀರ್ಮಾನಿಸುತ್ತಾರೆ ಎಂಬುದಕ್ಕೆ ಐಸ್‌ಸೇವ್ ಪ್ರಕರಣ ನೋಡಿ. ಲ್ಯಾಂಡ್ಸ್‌ಬ್ಯಾಂಕಿ ಆ ಹೆಸರಿನಲ್ಲಿ ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್ ಜನರಿಂದ ಠೇವಣಿ ಸಂಗ್ರಹಿಸಿತ್ತು. ಬ್ಯಾಂಕು ಮುಳುಗಿದಾಗ ಆ ಎರಡು ಸರ್ಕಾರಗಳು ತಮ್ಮ ಜನರಿಗೆ ಹಣ ಕೊಟ್ಟು, ಅದನ್ನು ಐಸ್‌ಲ್ಯಾಂಡ್ ಬಡ್ಡಿ ಸಮೇತ ತೀರಿಸಬೇಕೆಂದು ಪಟ್ಟು ಹಿಡಿದವು. ಬ್ರಿಟನ್ ಭಯೋತ್ಪಾದನೆ ತಡೆ ಕಾನೂನನ್ನೇ ಬಳಸಿ ಆ ಬ್ಯಾಂಕಿನ ಆಸ್ತಿಯನ್ನು ತಡೆಹಿಡಿದಿತ್ತು. ಸಂಸತ್ತು ಒಪ್ಪಂದಕ್ಕೆ ಒಪ್ಪಿದರೂ, ಮತದಾರರಲ್ಲಿ ನಾಲ್ಕನೇ ಒಂದು ಭಾಗದಷ್ಟು ಜನ ಸಹಿ ಹಾಕಿ ಬೇಡವೆಂದರು. ಅಧ್ಯಕ್ಷ ಒಲಾವುರ್ ರಾಗ್ನಾರ್ ಗ್ರಿಮ್ಸನ್ ಅಂಕಿತ ಹಾಕದೆ ಜನಮತಕ್ಕೆ ಬಿಟ್ಟರು. 2010ರ ಮಾರ್ಚ್‌ನಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ತಿರಸ್ಕರಿಸಿದರು. ಸುಧಾರಿಸಿದ ಒಪ್ಪಂದವನ್ನು 2011ರ ಏಪ್ರಿಲ್‌ನಲ್ಲಿ ಶೇ. 60ರಷ್ಟು ಜನ ತಿರಸ್ಕರಿಸಿದರು. ಇದು ಬೇಜವಾಬ್ದಾರಿ ಎಂದವರು ಒಳಗೂ ಹೊರಗೂ ಇದ್ದರು. ಆದರೆ 2013ರಲ್ಲಿ ಎಫ್ಟಾ ನ್ಯಾಯಾಲಯ ಐಸ್‌ಲ್ಯಾಂಡ್ ಪರವಾಗಿ ತೀರ್ಪು ಕೊಟ್ಟಿತು. ಮುಳುಗಿದ ಬ್ಯಾಂಕಿನ ಆಸ್ತಿಯಿಂದಲೇ 2016ರ ಹೊತ್ತಿಗೆ ಆ ಬಾಕಿ ತೀರಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಹೊಗಳಿಕೆಯ ಲೇಖನವಾದೀತು. ಮನೆಯ ವಿಷಯಕ್ಕೆ ಬನ್ನಿ. ಅಲ್ಲಿ ಆ ನಾಡು ನಾಲ್ಕು ದಶಕಗಳಿಂದ ವಾದಿಸುತ್ತಲೇ ಇದೆ. 1979ರ ಕಾನೂನಿನಿಂದ ಅಲ್ಲಿ ಹಣದುಬ್ಬರಕ್ಕೆ ಜೋಡಿಸಿದ ಸಾಲ ರೂಢಿಗೆ ಬಂತು. ಬೆಲೆ ಏರಿದಷ್ಟು ಸಾಲದ ಅಸಲೂ ಏರುತ್ತದೆ. ನೂರು ರೂಪಾಯಿ ಸಾಲ ಮಾಡಿದ ವರ್ಷ ಬೆಲೆಗಳು ಶೇ. 8 ಏರಿದರೆ ಅಸಲು ನೂರೆಂಟಾಗುತ್ತದೆ. ನಲವತ್ತು ವರ್ಷದ ಅವಧಿಯ ಸಾಲವಾದರೆ, ಮೊದಲ ವರ್ಷಗಳಲ್ಲಿ ತಪ್ಪದೆ ಕಂತು ಕಟ್ಟಿದವನೂ ಪಡೆದದ್ದಕ್ಕಿಂತ ಹೆಚ್ಚು ಸಾಲ ಹೊತ್ತಿರುತ್ತಾನೆ. 1983ರಲ್ಲಿ ಹಣದುಬ್ಬರ ಶೇ. 80 ದಾಟಿದಾಗ ಕೂಲಿ ಸಂಬಳಗಳನ್ನು ಬೆಲೆಗೆ ಜೋಡಿಸುವ ಪದ್ಧತಿಯನ್ನು ಕೈಬಿಟ್ಟರು. ಸಾಲವನ್ನು ಜೋಡಿಸುವ ಪದ್ಧತಿ ಉಳಿಯಿತು. ದುಡಿಯುವವನ ಗಳಿಕೆಗೆ ಇಲ್ಲದ ರಕ್ಷಣೆ ಸಾಲ ಕೊಟ್ಟವನ ಅಸಲಿಗೆ!

ಹಾಗಾದರೆ ಅದನ್ನು ತೆಗೆದುಹಾಕಬಾರದೇಕೆ? ಇಲ್ಲಿಯೇ ಗಂಟು ಇರುವುದು. ಆ ಸಾಲಗಳಲ್ಲಿ ದೊಡ್ಡ ಪಾಲು ಪಿಂಚಣಿ ನಿಧಿಗಳ ಹಣ. ಮಗನ ಮನೆಸಾಲದ ಅಸಲು ಏರುವುದರಿಂದಲೇ ತಂದೆಯ ಪಿಂಚಣಿ ಕರಗದೆ ಉಳಿಯುತ್ತದೆ. ಪಿಂಚಣಿಯ ಮೇಲೆಯೇ ಬದುಕುವ ನನಗೆ ಈ ತಂದೆಯ ಭಯವೂ ಅರ್ಥವಾಗುತ್ತದೆ, ಮಗನ ಸಿಟ್ಟೂ ಅರ್ಥವಾಗುತ್ತದೆ. ಬ್ಯಾಂಕ್ ಕುಸಿತದ ನಂತರ ಒಂದಿಷ್ಟು ಪರಿಹಾರ ಸಿಕ್ಕಿತು. ವಿದೇಶಿ ನಾಣ್ಯಕ್ಕೆ ಕಟ್ಟಿದ ಸಾಲಗಳು ಕಾನೂನುಬಾಹಿರ ಎಂದು 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2014ರಲ್ಲಿ ಸರ್ಕಾರ ಹಣದುಬ್ಬರ ಸಾಲಗಳಲ್ಲಿ ಸ್ವಲ್ಪ ಭಾಗ ಇಳಿಸಿತು. ಅದು ಉಳ್ಳವರಿಗೂ ಹೋಯಿತು, ಬಾಡಿಗೆ ಮನೆಯವರಿಗೆ ಏನೂ ಸಿಗಲಿಲ್ಲ ಎಂಬ ಟೀಕೆ ನ್ಯಾಯವಾದದ್ದೇ. ಅಷ್ಟರಲ್ಲಿ ಪ್ರವಾಸಿಗರ ಮಹಾಪೂರ ಬಂತು. 2010ರಲ್ಲಿ ಐದು ಲಕ್ಷದಷ್ಟಿದ್ದವರು 2018ರಲ್ಲಿ ಇಪ್ಪತ್ತು ಲಕ್ಷ ದಾಟಿದರು. ಊರವರಿಗೆ ಸಿಗಬೇಕಾದ ಮನೆಗಳು ಪ್ರವಾಸಿಗರ ತಂಗುದಾಣಗಳಾದವು. ಪರವಾನಗಿ ಇಲ್ಲದೆ ವರ್ಷಕ್ಕೆ 90 ದಿನಕ್ಕಿಂತ ಹೆಚ್ಚು ಹಾಗೆ ಬಾಡಿಗೆಗೆ ಕೊಡಬಾರದೆಂದು 2017ರಿಂದ ಮಿತಿ ಹಾಕಿದರೂ ಮನೆಯ ಬೆಲೆ ಇಳಿಯಲಿಲ್ಲ. 2023ರಲ್ಲಿ ಕೇಂದ್ರ ಬ್ಯಾಂಕಿನ ಬಡ್ಡಿ ಶೇ. 9.25ಕ್ಕೆ ಏರಿದಾಗ, ಕಂತು ಕಟ್ಟಲಾರದ ಜನ ಮತ್ತೆ ಅದೇ ಹಣದುಬ್ಬರ ಸಾಲದ ಕಡೆಗೆ ತಿರುಗಿದರು.

ಆದರೆ ಅದೇ ನಾಡು, ಮನಸ್ಸು ಮಾಡಿದಾಗ, ಬೇರೆ ರೀತಿಯಲ್ಲೂ ನಡೆದಿದೆ. 2023ರ ನವೆಂಬರ್‌ನಲ್ಲಿ ಗ್ರಿಂಡಾವಿಕ್ ಎಂಬ ಮೀನುಗಾರರ ಊರಿನ ನೆಲದಡಿ ಶಿಲಾಪಾಕ ನುಗ್ಗಿ ರಸ್ತೆಗಳು ಸೀಳಿದವು. 3,800ರಷ್ಟು ಜನರನ್ನು ಒಂದೇ ರಾತ್ರಿ ಸ್ಥಳಾಂತರಿಸಿದರು. ಮುಂದಿನ ಜನವರಿಯಲ್ಲಿ ಲಾವಾ ಊರನ್ನೇ ಹೊಕ್ಕು ಮೂರು ಮನೆಗಳನ್ನು ಸುಟ್ಟಿತು. ಎಂಜಿನಿಯರುಗಳು ಹಗಲಿರುಳು ಮಣ್ಣಿನ ಏರಿಗಳನ್ನು ಕಟ್ಟಿದರು. 2024ರ ಫೆಬ್ರವರಿಯಲ್ಲಿ ಸಂಸತ್ತು ಕಾನೂನು ಮಾಡಿ, ಬಯಸಿದವರ ಮನೆಗಳನ್ನು ಅಗ್ನಿವಿಮೆಯ ಮೌಲ್ಯದ ಶೇ. 95ಕ್ಕೆ ಸರ್ಕಾರವೇ ಕೊಳ್ಳುವಂತೆ ಮಾಡಿತು. ಒಂದು ಊರಿನ ನಷ್ಟವನ್ನು ಇಡೀ ನಾಡು ಹಂಚಿಕೊಂಡಿತು.

ಕ್ರೀಡೆಯಲ್ಲಿಯೂ ಇದೇ ಎರಡು ಮುಖ. ಚಳಿಗಾಲದಲ್ಲಿ ಹೊರಗೆ ಆಡಲಾಗದ ನಾಡು ಅದು. ಈ ಶತಮಾನದ ಆರಂಭದಿಂದ ಛಾವಣಿಯುಳ್ಳ ಕಾಲ್ಚೆಂಡಿನ ಅಂಗಳಗಳನ್ನು ಕಟ್ಟಿದರು. ಮಕ್ಕಳಿಗೆ ಕಲಿಸುವವರಿಗೂ ಸರಿಯಾದ ತರಬೇತಿ ಕೊಟ್ಟರು. ಫಲವಾಗಿ 2016ರ ಯುರೋಪ್ ಪಂದ್ಯಾವಳಿಯಲ್ಲಿ ಇಂಗ್ಲೆಂಡನ್ನು 2–1ರಿಂದ ಸೋಲಿಸಿದರು. 2018ರಲ್ಲಿ ವಿಶ್ವಕಪ್ ಆಡಿದ ಅಲ್ಲಿಯವರೆಗಿನ ಅತಿ ಸಣ್ಣ ರಾಷ್ಟ್ರವಾದರು. ತರಬೇತುದಾರ ಹೇಮಿರ್ ಹಾಲ್‌ಗ್ರಿಮ್ಸನ್ ವೃತ್ತಿಯಲ್ಲಿ ದಂತವೈದ್ಯ. ಪಂದ್ಯಕ್ಕೆ ಮುಂಚೆ ಅಭಿಮಾನಿಗಳು ಸೇರುವ ಜಾಗಕ್ಕೆ ತಾವೇ ಹೋಗಿ, ಇಂದು ಯಾರು ಆಡುತ್ತಾರೆ, ಏಕೆ ಎಂದು ವಿವರಿಸುತ್ತಿದ್ದರು.

ಆ ಹೆಮ್ಮೆಯೇ ಮುಂದೆ ಪರೀಕ್ಷೆಗೆ ಒಳಗಾಯಿತು. 2021ರಲ್ಲಿ ರಾಷ್ಟ್ರೀಯ ತಂಡದ ಆಟಗಾರನ ವಿರುದ್ಧ ಒಬ್ಬ ಹೆಣ್ಣುಮಗಳು ದೌರ್ಜನ್ಯದ ಆರೋಪ ಮಾಡಿದಳು. ಅಂಥ ದೂರು ಬಂದಿಲ್ಲ ಎಂದು ಕಾಲ್ಚೆಂಡು ಸಂಸ್ಥೆ ಹೇಳಿತ್ತು. ಬಂದಿತ್ತು ಎಂಬುದು ಬಯಲಾಯಿತು. ನಾಡಿನ ಕೀರ್ತಿ ಏನಾದೀತು ಎಂದು ಯಾರೂ ಮುಚ್ಚಿಹಾಕಲು ಆಗಲಿಲ್ಲ. ಅಧ್ಯಕ್ಷರೂ ಇಡೀ ಆಡಳಿತ ಮಂಡಳಿಯೂ ರಾಜೀನಾಮೆ ಕೊಟ್ಟರು. ಅದರ ನಂತರ ಮೊದಲ ಬಾರಿಗೆ ಒಬ್ಬ ಮಹಿಳೆ ಆ ಸಂಸ್ಥೆಯ ಅಧ್ಯಕ್ಷೆಯಾದರು.

ಕೊನೆಗೆ ಒಂದು ದೊಡ್ಡ ಸೋಲು. ಕುಸಿತದ ನಂತರ ಜನ ಹೊಸ ಸಂವಿಧಾನ ಬಯಸಿದರು. 2010ರಲ್ಲಿ ಚೀಟಿ ಎತ್ತಿದಂತೆ ಆರಿಸಿದ 950 ಸಾಮಾನ್ಯರು ಒಂದು ದಿನ ಸೇರಿ ಆಶಯಗಳನ್ನು ಗುರುತಿಸಿದರು. 25 ಮಂದಿಯ ಪರಿಷತ್ತು, ಜನರ ಸಲಹೆಗಳನ್ನು ಪಡೆಯುತ್ತಲೇ, 2011ರಲ್ಲಿ ಕರಡು ಕೊಟ್ಟಿತು. 2012ರ ಅಕ್ಟೋಬರ್‌ನಲ್ಲಿ ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಿದರು. ಖಾಸಗಿಯವರಿಗೆ ಸೇರದ ನಿಸರ್ಗ ಸಂಪತ್ತು ರಾಷ್ಟ್ರದ ಸೊತ್ತಾಗಲಿ ಎಂದು ಇನ್ನೂ ಹೆಚ್ಚು ಜನ ಹೇಳಿದರು. ಸಮುದ್ರದ ಮೀನು ಎಲ್ಲರದೆಂದು ಕಾನೂನು ಹೇಳಿದರೂ, ಹಿಡಿಯುವ ಹಕ್ಕಿನ ಪಾಲುಗಳು ಮಾರಾಟದ ವಸ್ತುವಾಗಿ ಕೆಲವೇ ಕಂಪನಿಗಳ ಕೈ ಸೇರಿದ್ದವಲ್ಲ! ಆ ಜನಮತ ಸಲಹೆ ಮಾತ್ರವಾಗಿತ್ತು. ಸಂಸತ್ತು ಅದನ್ನು ಅಂಗೀಕರಿಸಲೇ ಇಲ್ಲ. 2025ರಲ್ಲಿ ಮೀನುಗಾರಿಕೆಯ ಶುಲ್ಕ ಏರಿಸುವ ಮಸೂದೆ ಬಂದಾಗ, ವಿರೋಧಿಸುವವರು ನೂರೈವತ್ತು ಗಂಟೆಗೂ ಮೀರಿ ಭಾಷಣ ಮಾಡಿದರು. ಸಭಾಧ್ಯಕ್ಷರು ದಶಕಗಳಿಂದ ಬಳಸದಿದ್ದ ನಿಯಮವೊಂದನ್ನು ಹಿಡಿದು ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಬೇಕಾಯಿತು.

ಬಂಧುಗಳೇ, ಅದೇ ಊರಿನಲ್ಲಿ ಎರಡು ಸಲ ದಿನಗಟ್ಟಲೆ ಮಾತು ನಡೆಯಿತು. ಒಮ್ಮೆ ರಂಗಮಂದಿರದಲ್ಲಿ, ನಾಡಿನ ಲೆಕ್ಕ ಎಲ್ಲರ ಕಿವಿಗೆ ಬೀಳಲಿ ಎಂದು. ಇನ್ನೊಮ್ಮೆ ಸಂಸತ್ತಿನಲ್ಲಿ, ತೀರ್ಮಾನವೇ ಬರದಿರಲಿ ಎಂದು. ಎರಡನ್ನೂ ಚರ್ಚೆ ಎಂದೇ ಕರೆಯುತ್ತಾರೆ. ನುಡಿ ಯಾವುದು, ಬರಿಯ ಸದ್ದು ಯಾವುದು ಎಂದು ತಿಳಿಯಲು ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಲೆಕ್ಕದ ಪುಸ್ತಕ ಎಲ್ಲರ ಮುಂದಿದೆಯೇ? ನಷ್ಟದ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎಂದು ಬಾಯಿಬಿಟ್ಟು ಹೇಳಿದ್ದಾರೆಯೇ? ಆದ ತೀರ್ಮಾನಕ್ಕೆ ಅಧಿಕಾರದಲ್ಲಿರುವವರು ಬದ್ಧರೇ? ಐಸ್‌ಸೇವ್‌ನಲ್ಲಿ ಮೂರಕ್ಕೂ ಹೌದು ಎಂಬ ಉತ್ತರವಿತ್ತು. ಮನೆಸಾಲದ ವಾದದಲ್ಲಿ ಎರಡನೆಯದಕ್ಕೆ ಇನ್ನೂ ಉತ್ತರವಿಲ್ಲ. ಸಂವಿಧಾನ ಮೂರನೆಯದರಲ್ಲಿ ಸೋತಿತು.

ಮುಖ ಮುಖ ಪರಿಚಯವಿರುವ ನಾಲ್ಕು ಲಕ್ಷ ಜನರಲ್ಲೇ ಇದು ಇಷ್ಟು ಕಷ್ಟ. ನಮ್ಮ ಗ್ರಾಮಸಭೆ, ಸಹಕಾರ ಸಂಘ, ವಿದ್ಯಾಸಂಸ್ಥೆಗಳ ಸಭೆಗೆ ಮುಂದಿನ ಸಲ ಹೋದಾಗ, ಭಾಷಣಗಳು ಮುಗಿದ ಮೇಲೆ ಒಬ್ಬರಾದರೂ ಎದ್ದು ಈ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಲಿ. ಉತ್ತರ ಬರುವವರೆಗೆ ಕೂರದಿರಲಿ.