ಬಣ್ಣ ಬಳಿಯೋಕೆ ಅಷ್ಟು ಅವಸರ ಯಾಕೆ?

ಈ ಪೋಸ್ಟು ಎರಡು ವಾರದಿಂದ ಡ್ರಾಫ್ಟಿನಲ್ಲೇ ಕೊಳೀತಾ ಬಿದ್ದಿತ್ತು. ಕವಿತೆ, ಪ್ರಬಂಧ, ಸಿನಿಮಾ ವಿಮರ್ಶೆ ಬರೆಯೋ ನಿಮ್ಮಗಳ ನಡುವೆ ನಾನು ಆಟದ ರೈಲಿನ ಬಣ್ಣದ ಬಗ್ಗೆ ಬರೆದ್ರೆ ಹೇಗೆ ಅಂತ ಸಂಕೋಚ. ಆದ್ರೆ ತಲೆಯಲ್ಲಿ ಹೊಕ್ಕಿದ್ದು ಹೊರಗೆ ಬರದೆ ನಿದ್ದೆ ಬರಲ್ಲ, ಸಹಿಸಿಕೊಳ್ಳಿ :-)

ವಿಷಯ ಇಷ್ಟೇ. ಅಮೆರಿಕದಲ್ಲಿ ಮಾಡೆಲ್ ರೈಲು ಕಟ್ಟುವವರ ಒಂದು ದೊಡ್ಡ ಸಂತತಿಯೇ ಇದೆ. ಅಸಲಿಯ 87ನೇ ಒಂದು ಭಾಗದಷ್ಟು ಗಾತ್ರದ ರೈಲುಗಳನ್ನ ಮನೆಯ ನೆಲಮಾಳಿಗೆಯಲ್ಲಿ ಓಡಿಸ್ತಾರೆ. ಈ ಗಾತ್ರಕ್ಕೆ ಎಚ್‌ಓ ಸ್ಕೇಲ್ ಅಂತ ಹೆಸರು. ಇವರಲ್ಲಿ ನಾಲ್ಕು ಜನ ಸೇರಿದ್ರೆ ಮುಗಿಯದ ಜಗಳ ಒಂದೇ, ಹಳೇ ಡೀಸೆಲ್ ಎಂಜಿನ್‌ಗಳಲ್ಲಿ ಯಾವುದರ ಬಣ್ಣ ಅತಿ ಚೆಂದ ಅಂತ. ಅಲ್ಲಿ ಒಂದೊಂದು ರೈಲ್ವೆ ಕಂಪನಿಗೂ ತನ್ನದೇ ಬಣ್ಣ, ತನ್ನದೇ ಪಟ್ಟೆ ಇತ್ತು.

ಬಹುಪಾಲು ಜನ ಯೋಚನೆಯನ್ನೂ ಮಾಡದೆ ಕೊಡೋ ಉತ್ತರ ಸಾಂಟಾ ಫೆ ಕಂಪನಿಯ 'ವಾರ್‌ಬಾನೆಟ್'. ಬೆಳ್ಳಿ ಬಣ್ಣದ ಮೈ, ಕೆಂಪು ಮೂತಿ, ಆ ಕೆಂಪು ಪಕ್ಕಕ್ಕೆ ಬಾಗಿ ಹಿಂದಕ್ಕೆ ಹರಿಯುತ್ತೆ, ಅಂಚಿಗೆ ಹಳದಿ ಮತ್ತು ಕಪ್ಪು ಗೆರೆ. ಅಲ್ಲಿನ ಮೂಲನಿವಾಸಿ ನಾಯಕರು ತೊಡುತ್ತಿದ್ದ ಗರಿಗಳ ಶಿರಸ್ತ್ರಾಣವನ್ನ ಪಕ್ಕದಿಂದ ನೋಡಿದ ಹಾಗೆ. 1937ರಲ್ಲಿ ಸೂಪರ್ ಚೀಫ್ ರೈಲಿಗಾಗಿ ಜನರಲ್ ಮೋಟರ್ಸ್‌ನ ಲೀಲಂಡ್ ನಿಕರ್‌ಬಾಕರ್ ಅನ್ನೋ ಕಲಾವಿದ ಬರೆದದ್ದು.

ಚೆಂದ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದು ಎಲ್ಲರ ಬಾಯಲ್ಲೂ ಇರೋದಕ್ಕೆ ಚೆಂದ ಒಂದೇ ಕಾರಣ ಅಂದ್ರೆ ನಾನು ಒಪ್ಪಲ್ಲ. 1948ರಲ್ಲಿ ಲಯನೆಲ್ ಆಟಿಕೆ ಕಂಪನಿ ಎಫ್3 ಡೀಸೆಲ್ ಎಂಜಿನ್ನಿನ ಮಾಡೆಲ್ ತಂತು. ಅದರ ಅಚ್ಚಿನ ಖರ್ಚಿನಲ್ಲಿ ಜನರಲ್ ಮೋಟರ್ಸ್, ಸಾಂಟಾ ಫೆ, ನ್ಯೂಯಾರ್ಕ್ ಸೆಂಟ್ರಲ್ ಮೂರೂ ಪಾಲು ಹಾಕಿದ್ವು. ಅಂದ್ರೆ ರೈಲ್ವೆಯವರೇ ದುಡ್ಡು ಕೊಟ್ಟು ತಮ್ಮ ಬಣ್ಣವನ್ನ ಮಕ್ಕಳ ಕೈಗೆ ಇಟ್ಟರು! ಸಾಂಟಾ ಫೆ ರೈಲು ಹೋಗದ ಪೂರ್ವದ ಊರುಗಳ ಹುಡುಗರ ಮನೆಯಲ್ಲೂ ಕ್ರಿಸ್‌ಮಸ್ ಮರದ ಸುತ್ತ ಕೆಂಪು-ಬೆಳ್ಳಿ ಎಂಜಿನ್ ಸುತ್ತಿತು. ಆ ಹುಡುಗರೇ ಮುಂದೆ ಅಜ್ಜಂದಿರಾಗಿ ವಾರ್‌ಬಾನೆಟ್‌ಗೆ ವೋಟು ಹಾಕ್ತಾ ಬಂದ್ರು. ಹತ್ತು ವರ್ಷಕ್ಕೆ ಕಂಡದ್ದು ಎಪ್ಪತ್ತರಲ್ಲೂ ಚೆಂದವೇ.

ಹಾಗಾದ್ರೆ ನಂಗೇನು ಹಕ್ಕು? ನಾನು ಚಿಕ್ಕವನಿದ್ದಾಗ ನೋಡಿದ್ದು ಪ್ಲಾಟ್‌ಫಾರ್ಮ್ ತುಂಬ ಕಪ್ಪು ಹೊಗೆ ಉಗುಳ್ತಿದ್ದ ನಮ್ಮ ಡಬ್ಲ್ಯೂಡಿಎಂ-2. (ಅದೂ ಅಮೆರಿಕದ ಸಂತಾನವೇ. ಆಲ್ಕೋ ಕಂಪನಿಯ ವಿನ್ಯಾಸ, 1962ರಲ್ಲಿ ಬಂದದ್ದು. ಆಲ್ಕೋ 1969ರಲ್ಲಿ ಬಾಗಿಲು ಹಾಕಿದ ಮೇಲೂ ಅದರ ಮಕ್ಕಳು ವಾರಾಣಸಿಯಲ್ಲಿ ಹುಟ್ಟುತ್ತಲೇ ಇದ್ದರು.) ಸಾಂಟಾ ಫೆ ನನ್ನ ಬಾಲ್ಯದಲ್ಲಿ ಇಲ್ಲ. ಅದೇ ನನ್ನ ಅನುಕೂಲ ಅಂತ ನನ್ನ ವಾದ. ನೆನಪಿನ ಕನ್ನಡಕ ಇಲ್ಲದೆ ನೋಡಬಹುದು.

ಹಾಗೆ ನೋಡಿದಾಗ ನಂಗೆ ಕಂಡ ಒಂದೇ ಒಂದು ಅಳತೆಗೋಲು: ಬಣ್ಣ ಆ ಕಬ್ಬಿಣದ ಆಕಾರಕ್ಕೆ ಹೊಂದುತ್ತಾ ಅಂತ. ವಾರ್‌ಬಾನೆಟ್‌ನ ಜೀವ ಇರೋದು 'ಬುಲ್‌ಡಾಗ್' ಮೂತಿಯಲ್ಲಿ. ಉಬ್ಬಿದ, ದುಂಡನೆಯ ಮೂತಿ ಇದ್ರೆ ಕೆಂಪು ತಾನಾಗಿ ಹರಿಯುತ್ತೆ. ಮುಂದೆ ಬಂದ ಎಂಜಿನ್‌ಗಳು ಪೆಟ್ಟಿಗೆ ಥರ, ಮುಂದೊಂದು ಸಣ್ಣ ಮೂತಿ, ಹಿಂದೆ ಉದ್ದ ಹುಡ್, ಪಕ್ಕದಲ್ಲಿ ಓಡಾಡೋಕೆ ಕಟಕಟೆ. ಆ ಮೈಮೇಲೆ ಈ ಬಾಗು ಅಜ್ಜನ ಶೇರ್ವಾನಿ ಮೊಮ್ಮಗನಿಗೆ ಹಾಕಿದ ಹಾಗೆ ಕಾಣುತ್ತೆ. 1989ರಲ್ಲಿ ಸಾಂಟಾ ಫೆ ಕೆಂಪು-ಬೆಳ್ಳಿಯನ್ನ ಗೂಡ್ಸ್ ಎಂಜಿನ್‌ಗಳಿಗೆ ಮತ್ತೆ ತಂದಾಗ ಅದು ಒಪ್ಪಿತು. ಯಾಕೆ ಅಂದ್ರೆ ಆ ಹೊತ್ತಿಗೆ ಅಗಲ ಮೂತಿಯ ಹೊಸ ಕ್ಯಾಬು ಬಂದಿತ್ತು, ಕೆಂಪಿಗೆ ಕೂರೋಕೆ ಜಾಗ ಸಿಕ್ಕಿತು.

ಪೆಟ್ಟಿಗೆ ಎಂಜಿನ್ನಿಗೆ ಸದರ್ನ್ ಪೆಸಿಫಿಕ್‌ನವರ 'ಬ್ಲಡಿ ನೋಸ್' ಸರಿಯಾದ ಬಟ್ಟೆ. ಮೈಯೆಲ್ಲ ಕಡು ಬೂದು, ಮೂತಿ ಮಾತ್ರ ಕೆಂಪು. ಯಾರೋ ಮೂಗಿಗೆ ಗುದ್ದಿ ಕಳಿಸಿದ ಹಾಗೆ. ಬಾಗಿಲ್ಲ, ಪಟ್ಟೆ ಇಲ್ಲ. ಮೇಲೆ ಮಸಿ, ಧೂಳು, ಎಣ್ಣೆ ಬಿದ್ದಷ್ಟೂ ಘನತೆ ಜಾಸ್ತಿ ಆಗುತ್ತೆ. ಇದೇ ಕಂಪನಿಯ ಕೆಂಪು-ಕಿತ್ತಳೆ-ಕಪ್ಪಿನ 'ಡೇಲೈಟ್' ಬಣ್ಣಕ್ಕೆ ಅಭಿಮಾನಿಗಳು ಬಹಳ. ಆದ್ರೆ ಅದು ಮದುವೆ ಮನೆಯ ಸೀರೆ, ತೊಳೆದಿಟ್ಟಷ್ಟು ದಿನ ಮಾತ್ರ. ಪೆನ್ಸಿಲ್ವೇನಿಯಾದವರ ಕಡು ಹಸಿರಿನ ಕಥೆಯೇ ಬೇರೆ. ಅದು ಎಷ್ಟು ಕಡು ಅಂದ್ರೆ, ಹಸಿರೋ ಕಪ್ಪೋ ಅಂತಲೇ ಜನ ಇವತ್ತಿಗೂ ಕಿತ್ತಾಡ್ತಾರೆ.

ಆದ್ರೂ ನನ್ನ ಮೊದಲ ವೋಟು ಇದ್ಯಾವುದಕ್ಕೂ ಅಲ್ಲ. ನಕ್ಕುಬಿಡಿ ಪರವಾಗಿಲ್ಲ, ಅದು 'ಕೋಡಾಕ್ರೋಮ್'ಗೆ.

1983ರ ಡಿಸೆಂಬರಿನಲ್ಲಿ ಸದರ್ನ್ ಪೆಸಿಫಿಕ್ ಮತ್ತು ಸಾಂಟಾ ಫೆಗಳ ಮಾತೃಸಂಸ್ಥೆಗಳು ಒಂದಾದವು. ಎರಡು ರೈಲ್ವೆಗಳನ್ನ ಕೂಡಿಸೋಕೆ ಮಾತ್ರ ಸರ್ಕಾರದ ಅಂತರರಾಜ್ಯ ವಾಣಿಜ್ಯ ಆಯೋಗದ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಬಂದೇ ಬರುತ್ತೆ ಅಂತ ಧೈರ್ಯ ಮಾಡಿ ಎಂಜಿನ್‌ಗಳಿಗೆ ಹೊಸ ಬಣ್ಣ ಬಳಿಯೋಕೆ ಶುರು ಮಾಡಿಬಿಟ್ರು. ಕೆಂಪು, ಹಳದಿ, ಕಪ್ಪು, ಥೇಟ್ ಕೋಡಾಕ್ ಫಿಲ್ಮಿನ ಡಬ್ಬಿ. ತಮಾಷೆ ಅಂದ್ರೆ ಅಕ್ಷರಗಳು. ಒಬ್ಬರ ಎಂಜಿನ್ ಮೇಲೆ 'ಎಸ್‌ಪಿ' ಬರೆದು ಪಕ್ಕದಲ್ಲಿ ಎರಡು ಅಕ್ಷರದ ಜಾಗ ಖಾಲಿ. ಇನ್ನೊಬ್ಬರದರ ಮೇಲೆ 'ಎಸ್‌ಎಫ್' ಬರೆದು ಎರಡು ಅಕ್ಷರದ ಜಾಗ ಖಾಲಿ. ಒಪ್ಪಿಗೆ ಬಂದ ದಿನ ತುಂಬಿದ್ರೆ 'ಎಸ್‌ಪಿಎಸ್‌ಎಫ್' ಆಗುತ್ತೆ ಅಂತ ಲೆಕ್ಕ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಕ್ಲೈಂಟ್ ಅಪ್ರೂವಲ್ ಬರೋ ಮೊದಲೇ ಪ್ರೊಡಕ್ಷನ್‌ಗೆ ತಳ್ಳಿದ್ದು.

1986ರ ಜುಲೈನಲ್ಲಿ ಆಯೋಗ 'ಆಗಲ್ಲ' ಅಂತು. ಬಣ್ಣ ಬಳಿದ ನೂರಾರು ಎಂಜಿನ್‌ಗಳು ಆ ಖಾಲಿ ಜಾಗ ಹೊತ್ತುಕೊಂಡೇ ವರ್ಷಗಟ್ಟಲೆ ಓಡಾಡಿದ್ವು. ಎಸ್‌ಪಿಎಸ್‌ಎಫ್ ಅಂದ್ರೆ 'ಶುಡ್ನ್ಟ್ ಪೇಂಟ್ ಸೋ ಫಾಸ್ಟ್' ಅಂತ ರೈಲು ಪ್ರೇಮಿಗಳು ಬಿಡಿಸಿ ಹೇಳಿದ್ರು. ನಿಶ್ಚಿತಾರ್ಥ ಮುರಿದ ಮೇಲೂ ಉಂಗುರ ಬಿಚ್ಚದ ಹುಡುಗನ ಹಾಗಿದೆ ಅದು. ಉಳಿದ ಬಣ್ಣಗಳೆಲ್ಲ ಕಂಪನಿಯ ಜಾಹೀರಾತು. ಇದೊಂದು ಮಾತ್ರ ಕಂಪನಿಯ ಪೆಚ್ಚುಮೋರೆ. ಅದಕ್ಕೇ ಇದರ ಮೇಲೆ ಪ್ರೀತಿ. ಆ ಪೆಟ್ಟಿಗೆ ಮೈಗೂ ಅದು ಸೊಗಸಾಗಿ ಒಪ್ಪುತ್ತೆ, ನನ್ನ ಅಳತೆಗೋಲನ್ನ ನಾನೇ ಮುರಿದಿಲ್ಲ ನೋಡಿ.

ಈಗ ನಂಗೆ ನಿಜವಾಗ್ಲೂ ಸಿಟ್ಟು ಬರಿಸೋ ವಿಷಯ. ಈ ಬಣ್ಣಗಳೆಲ್ಲ ಯಾರವು?

ದೊಡ್ಡ ಕಂಪನಿ ಸಣ್ಣದನ್ನ ನುಂಗ್ತಾ ಹೋಯ್ತು. ಯೂನಿಯನ್ ಪೆಸಿಫಿಕ್ 1995ರಲ್ಲಿ ಚಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ ನುಂಗಿತು, 1996ರಲ್ಲಿ ಸದರ್ನ್ ಪೆಸಿಫಿಕ್ ನುಂಗಿತು. ಎಂಜಿನ್‌ಗಳೆಲ್ಲ ನಿಧಾನಕ್ಕೆ ಹಳದಿ-ಬೂದು ಆದವು. ಆ ಹಳೇ ಬಣ್ಣಗಳನ್ನ ನೆನಪಿಟ್ಟವರು ಯಾರು? ರಾತ್ರಿ ಹನ್ನೆರಡಕ್ಕೆ ಮಾಸ್ಕಿಂಗ್ ಟೇಪು ಅಂಟಿಸ್ಕೊಂಡು, ಏರ್‌ಬ್ರಶ್ ಹಿಡ್ಕೊಂಡು ಕೂತ ಹವ್ಯಾಸಿಗಳು. ಅಂಥದ್ರಲ್ಲಿ 2004ರಲ್ಲಿ ಯೂನಿಯನ್ ಪೆಸಿಫಿಕ್ ಲಯನೆಲ್ ಮತ್ತು ಆಥರ್ನ್ ಮೇಲೆ ಕೇಸು ಹಾಕಿತು. ನಮ್ಮ ಲೋಗೋ ಹಾಕಿದ ಮಾಡೆಲ್‌ಗೆ ಲೈಸೆನ್ಸ್ ಬೇಕು, ನಾವು ನುಂಗಿದ ಕಂಪನಿಗಳದ್ದಕ್ಕೂ ಬೇಕು ಅಂತ. ಕಾನೂನಿನ ಪುಸ್ತಕದಲ್ಲಿ ಅವರ ಮಾತಿಗೂ ಆಧಾರ ಇರಬಹುದು. ಆದ್ರೆ ಇದೇ ಕಸುಬಿನ ಹಿಂದಿನವರು ತಮ್ಮ ಬಣ್ಣ ಮಕ್ಕಳಿಗೆ ಮುಟ್ಟಲಿ ಅಂತ ಅಚ್ಚಿಗೆ ದುಡ್ಡು ಕೊಟ್ಟಿದ್ದರಲ್ಲ? ಕೊನೆಗೆ ಎಂಟಿಎಚ್ ಅನ್ನೋ ಮಾಡೆಲ್ ಕಂಪನಿ ಬಗ್ಗದೆ ನಿಂತು, 2006ರ ನವೆಂಬರಿನಲ್ಲಿ ರಾಜಿ ಆಯ್ತು. ಮಾಡೆಲ್ ತಯಾರಕರಿಂದ ರಾಯಲ್ಟಿ ಕೇಳೋದನ್ನ ಯೂನಿಯನ್ ಪೆಸಿಫಿಕ್ ಕೈಬಿಟ್ಟಿತು.

ನ್ಯಾಯವಾಗಿ ಹೇಳಬೇಕು ಅಂದ್ರೆ, ಅದೇ 2005-06ರಲ್ಲಿ ಅವರು ನುಂಗಿದ ಆರು ರೈಲ್ವೆಗಳ ಬಣ್ಣವನ್ನ ಆರು ಹೊಸ ಎಂಜಿನ್‌ಗಳಿಗೆ ಬಳಿದು ಓಡಿಸಿದ್ರು. ಟ್ರೇಡ್‌ಮಾರ್ಕ್ ಬಳಕೆಯಲ್ಲಿದೆ ಅಂತ ತೋರಿಸೋಕೆ ಇದು ಉಪಾಯ ಅಂತ ಕೆಲವರಿಗೆ ಗುಮಾನಿ, ನಂಗೂ ಸ್ವಲ್ಪ. ಆದ್ರೂ ನೋಡೋಕೆ ಖುಷಿಯೇ. ನಾರ್ಫೋಕ್ ಸದರ್ನ್ 2012ರಲ್ಲಿ ಇಪ್ಪತ್ತು ಎಂಜಿನ್‌ಗಳಿಗೆ ಹೀಗೆ ಮಾಡಿತು. 1970ರಲ್ಲಿ ದಿವಾಳಿ ಎದ್ದ ಪೆನ್ ಸೆಂಟ್ರಲ್‌ನ ಬೋಳು ಕಪ್ಪನ್ನೂ ಬಿಡಲಿಲ್ಲ. ಇನ್ನು 2025ರ ಜುಲೈನಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ನಾರ್ಫೋಕ್ ಸದರ್ನ್ ಒಂದಾಗ್ತೀವಿ ಅಂತ ಘೋಷಿಸಿದ್ದು ಓದಿ ನಾನು ಮೊದಲು ಯೋಚಿಸಿದ್ದು ಆ ಇಪ್ಪತ್ತರ ಬಗ್ಗೆಯೇ. ಒಪ್ಪಿಗೆಗೆ ಮೊದಲೇ ಯಾರೂ ಡಬ್ಬಿ ತೆರೆಯದಿದ್ರೆ ಸಾಕು.

ನನ್ನ ಟೇಬಲ್ ಮೇಲೆ ಒಂದು ಎಚ್‌ಓ ಎಂಜಿನ್ ಅರ್ಧ ಬಣ್ಣದಲ್ಲಿ ನಿಂತಿದೆ. ಕೆಂಪು ಟೇಪಿನ ಕೆಳಗೆ ಒಸರಿ ಹಳದಿಗೆ ಹತ್ತಿದೆ, ಆ ಕಡೆ ಮತ್ತೆ ಉಜ್ಜಿ ತೆಗೀಬೇಕು. ಅದಾದ ಮೇಲೆ 'ಎಸ್‌ಪಿ' ಡಿಕಾಲ್ ಅಂಟಿಸಿ ಪಕ್ಕದ ಜಾಗ ಖಾಲಿ ಬಿಡ್ತೀನಿ. ಅಂದ್ಹಾಗೆ, ನಿಮ್ಮೂರಿನ ಸ್ಟೇಷನ್ನಿಗೆ ಬರ್ತಿದ್ದ ಡೀಸೆಲ್ ಎಂಜಿನ್ ಯಾವ ಬಣ್ಣದ್ದಿತ್ತು? ನೆನಪಿದ್ದವರು ಬರೀರಿ.